ತೂತಿನ ಪಾಠ

ಯಲಹಂಕ
೧೪ ಮಾರ್ಚ್ ೧೯೬೮, ಗುರುವಾರ

ಮುನಿನಾರಾಯಣಪ್ಪನವರಿಗೆ,

ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ಬಾಯಲ್ಲಿ ಅಂದವಳಲ್ಲ, ಕಾಗದದ ಮೇಲೆ ಬರೆದವಳೂ ಅಲ್ಲ. ಈಗ ಬರೆದಿದ್ದೇನೆ, ಕರಿಹಲಗೆಯ ಮೇಲೆ ಬರೆಯುವ ಹಾಗೆ ದಪ್ಪಗೆ. ಹೆದರಬೇಡಿ, ನೀವು ನೂರು ವರ್ಷ ಬದುಕಬೇಕು. ಬದುಕಿದ್ದು ದಿನಾ ಇದನ್ನೆಲ್ಲ ನೆನೆಸಿಕೊಳ್ಳಬೇಕು ಎಂಬುದೇ ನನ್ನ ಆಸೆ.

ನಿಮ್ಮ ಕಾಗದ ಸೋಮವಾರ ಬಂತು. ಯಶವಂತಪುರದಲ್ಲಿ ರೂಮು ಮಾಡಿಕೊಂಡು ಹೋದ ಮೇಲೆ ನನಗೆ ಬರೆದ ಮೊದಲನೇ ಕಾಗದ. 'ಪ್ರೀತಿಯ ಲಕ್ಷ್ಮಿ' ಎಂದು ಶುರುಮಾಡಿದ್ದೀರಿ. ಅಬ್ಬಬ್ಬಾ, ಇಷ್ಟು ಪ್ರೀತಿ ಎಲ್ಲಿ ಅಡಗಿಸಿಟ್ಟಿದ್ದಿರಿ ಇಷ್ಟು ದಿನ! ಮುಂದೆ ಓದಿದಾಗ ತಿಳಿಯಿತು. ನಿಮ್ಮ ಕೆಲಸಕ್ಕೆ ಹಣ ಕೊಡುವ ದೆಹಲಿಯ ಕಮಿಟಿಗೆ ನಾನು ಒಂದು ಪತ್ರ ಬರೆಯಬೇಕಂತೆ. ಅವರು ಪರೀಕ್ಷೆಗೆ ಬಂದ ದಿನ ಶಾಲೆಯ ಮಕ್ಕಳು ಹೊಸಬರನ್ನು ಕಂಡು ಹೆದರಿದ್ದರು, ಬೇರೆ ದಿನಗಳಲ್ಲಿ ಅವರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ ಎಂದು, ಮಕ್ಕಳ ಕೋಣೆಯಲ್ಲಿ ವರ್ಷವಿಡೀ ಇದ್ದವಳಾಗಿ ಸಾಕ್ಷಿ ಹೇಳಬೇಕಂತೆ. ಹೇಳಿದರೆ ನಿಮ್ಮ ಕಂಪ್ಯೂಟರ್ ಪಾಠದ ಸಂಶೋಧನೆ ಉಳಿಯುತ್ತದೆ. ಹೇಳದಿದ್ದರೆ ಈ ತಿಂಗಳ ಕೊನೆಗೆ ಮುಚ್ಚಿಹೋಗುತ್ತದೆ.

ನಾನು ಬರೆಯುವುದಿಲ್ಲ.

ಯಾಕೆಂದು ಕೇಳುವ ಮುಖ ನಿಮಗಿಲ್ಲ, ಆದರೂ ಹೇಳುತ್ತೇನೆ. ಹೇಳಿದ್ದನ್ನೇ ಹೇಳುವುದು ಮೇಷ್ಟರ ಕಸುಬು.

ಎರಡು ವರ್ಷದ ಹಿಂದೆ ಈ ಊರಿನ ಯಾವ ಶಾಲೆಯೂ ನಿಮ್ಮನ್ನು ಬಾಗಿಲ ಒಳಗೆ ಬಿಟ್ಟಿರಲಿಲ್ಲ. ಹೆಡ್‌ಮಾಸ್ಟರ್ ನರಸಿಂಹಯ್ಯನವರ ಮನೆಗೆ ಹೋಗಿ, ನಮ್ಮ ಮನೆಯವರು ಏನೋ ಹೊಸದು ಮಾಡುತ್ತಿದ್ದಾರೆ, ಒಂದು ಕೋಣೆ ಕೊಡಿ ಎಂದು ಕೈಮುಗಿದವಳು ನಾನು. ಸಾಮಾನಿನ ಕೋಣೆ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ ಕೊಟ್ಟರು. ನಾಲ್ಕನೇ ತರಗತಿಯನ್ನು ಎರಡು ಪಾಲು ಮಾಡಿದಿರಿ. ಅರ್ಧ ಮಕ್ಕಳು ನನ್ನ ಹತ್ತಿರ, ಸೀಮೆಸುಣ್ಣ ಕರಿಹಲಗೆಯ ಜೊತೆ. ಇನ್ನರ್ಧ ನಿಮ್ಮ ಕೋಣೆಯಲ್ಲಿ. ಅಲ್ಲಿ ಪ್ರತಿ ಮಗುವಿಗೂ ಒಂದು ಅಚ್ಚು ಹಾಳೆ, ಒಂದು ಗಟ್ಟಿ ಕಾರ್ಡು, ಒಂದು ಪಿನ್ನು. ಹಾಳೆಯಲ್ಲಿ ಪಾಠ, ಪಾಠದ ಕೆಳಗೆ ಪ್ರಶ್ನೆ, ಪ್ರಶ್ನೆಗೆ ನಾಲ್ಕು ಉತ್ತರ. ಸರಿ ಕಂಡದ್ದಕ್ಕೆ ಕಾರ್ಡಿನಲ್ಲಿ ತೂತು ಹಾಕಬೇಕು. ಸಂಜೆ ಕಾರ್ಡುಗಳನ್ನು ಡಬ್ಬಿಗೆ ತುಂಬಿ ಬಸ್ಸಿನಲ್ಲಿ ನಿಮ್ಮ ಸಂಸ್ಥೆಗೆ ಒಯ್ಯುತ್ತಿದ್ದಿರಿ. ಅಲ್ಲಿನ ಕಂಪ್ಯೂಟರ್ ಆ ತೂತುಗಳನ್ನು ಓದಿ, ಯಾವ ಮಗು ಎಲ್ಲಿ ಎಡವಿತೋ ಅಲ್ಲಿಗೇ ಹೊಂದುವ ಹೊಸ ಹಾಳೆಯನ್ನು ಮಾರನೆಯ ದಿನಕ್ಕೆ ಅಚ್ಚು ಮಾಡಿಕೊಡುತ್ತಿತ್ತು. ಮಕ್ಕಳು ಅದನ್ನು ತೂತಿನ ಪಾಠ ಎಂದು ಕರೆದರು. ನಿಮಗೆ ಸಿಟ್ಟು ಬಂದಿತ್ತು. ನಾನು ನಿಮ್ಮ ಪರವಾಗಿ ಅವರನ್ನು ಗದರಿದ್ದೆ, ನನ್ನ ಕರ್ಮ.

ಆ ವರ್ಷ ತೂತಿನ ಪಾಠದ ಮಕ್ಕಳು ನನ್ನ ಮಕ್ಕಳಿಗಿಂತ ಹೆಚ್ಚು ನಂಬರು ತೆಗೆದರು. ಯಾಕೆ ತೆಗೆದರು? ಸಂಜೆ ಗಂಟೆ ಹೊಡೆಯುವ ಮುಂಚೆ ಇಡೀ ಶಾಲೆ ಅಂಗಳದಲ್ಲಿ ಸಾಲಾಗಿ ನಿಂತು ಮಗ್ಗಿ ಹೇಳುತ್ತದೆ. ಒಬ್ಬರು ಹೇಳಿಕೊಡುವುದು, ಮಿಕ್ಕವರು ಕೂಗುವುದು. ಏರೋಪ್ಲೇನ್ ಹಾರಿ ಹೋದರೂ ಕೇಳಿಸದಷ್ಟು ಜೋರಾಗಿ. ನಿಮ್ಮ ಮಕ್ಕಳೂ ಆ ಸಾಲಿನಲ್ಲಿ ನಿಲ್ಲುತ್ತಿದ್ದರು, ಹೇಳಿಕೊಡುತ್ತಿದ್ದವಳು ನಾನು. ಮಧ್ಯಾಹ್ನ ಊಟದ ಹೊತ್ತಿಗೆ ಹಾಳೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದರು: "ಮೇಡಮ್ಮೋರೆ, ಇದು ತಿಳೀತಿಲ್ಲ, ವಸಿ ಯೇಳ್ಕೊಡಿ." ಮಗು ಬಂದು ಕೇಳಿದಾಗ ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಹೇಳಿಕೊಟ್ಟೆ. ನಿಮ್ಮ ಕೆಲಸ ಗೆಲ್ಲಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಇದನ್ನೆಲ್ಲ ನಾನು ಆಗಲೇ ನಿಮಗೆ ಹೇಳಿದ್ದೆ. ಅಡುಗೆಮನೆಯ ಹೊಸಿಲ ಮೇಲೆ ಕೂತು, ನೀವು ಉಣ್ಣುತ್ತಿದ್ದಾಗ. ರೀ, ಇದನ್ನೂ ನಿಮ್ಮ ವರದಿಯಲ್ಲಿ ಒಂದು ಸಾಲು ಬರೆಯಿರಿ ಎಂದೆ. ನೀವು ತಟ್ಟೆಯಿಂದ ತಲೆ ಎತ್ತದೆ, "ಗಿಳಿಪಾಠದಿಂದ ಯಾರಿಗೂ ಲೆಕ್ಕ ಬರಲ್ಲ ಕಣೇ, ಸುಮ್ನೆ ಇರು" ಅಂದಿರಿ.

ವರದಿ ಇಂಗ್ಲಿಷಿನಲ್ಲಿತ್ತು. ನರಸಿಂಹಯ್ಯನವರು ನನ್ನನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದರು. ಒಂದು ಕಡೆ ನಿಲ್ಲಿಸಿ, ಇದು ಬೇಡಮ್ಮ ಎಂದರು. ನಾನು ಬಿಡಲಿಲ್ಲ. ಶಿಕ್ಷಕಿಯ ಸಾಮರ್ಥ್ಯ ಸಾಧಾರಣ, ಯಂತ್ರವಿರುವ ಕಡೆ ಮಕ್ಕಳನ್ನು ಗಲಾಟೆಯಿಲ್ಲದೆ ಕೂರಿಸಲು ಒಬ್ಬಳು ಆಯಾ ಸಾಕು ಎಂದು ಬರೆದಿದ್ದಿರಿ. ಶಿಕ್ಷಕಿ ಯಾರು, ಅವಳ ಕತ್ತಿನಲ್ಲಿರುವ ತಾಳಿ ಯಾರದು ಎಂದು ಬರೆದಿರಲಿಲ್ಲ.

ಮನೆಗೆ ಬಂದು ಕೇಳಿದೆ. "ಸೈನ್ಸಲ್ಲಿ ಗಂಡ ಹೆಂಡ್ತಿ ಅಂತೆಲ್ಲ ಇರಲ್ಲ, ಬಂದಿದ್ದನ್ನ ಬರೀಬೇಕು" ಅಂದಿರಿ. ಒಳಗಿದ್ದ ನಿಮ್ಮ ತಾಯಿ ಲಕ್ಕಮ್ಮನವರು ಹೊರಗೆ ಬಂದು, "ನನ್ ಮಗ ಆ ಮಿಸಿನ್‌ಗೇ ತಾಳಿ ಕಟ್ಟವ್ನೆ ಬುಡವ್ವ, ನಿಂಗಲ್ಲ" ಎಂದರು. ಅವರೊಬ್ಬರೇ ಆ ದಿನ ನನ್ನ ತಲೆ ಸವರಿದ್ದು. ಮರುವಾರವೇ ನೀವು ಪೆಟ್ಟಿಗೆ ಕಟ್ಟಿಕೊಂಡು ಯಶವಂತಪುರಕ್ಕೆ ಹೋದಿರಿ. ಹೊಳೆ ದಾಟಿತ್ತಲ್ಲ, ಅಂಬಿಗನ ಹಂಗು ಯಾಕೆ?

ಜೂನಿನಲ್ಲಿ ಶಾಲೆ ತೆರೆದಾಗ ನನ್ನ ತರಗತಿಯನ್ನು ಕಿತ್ತುಕೊಂಡರು. ನಿಮ್ಮ ವರದಿಯನ್ನು ನಂಬಿದ ಮೇಲಿನವರು, ಈ ಸಲ ಇಡೀ ನಾಲ್ಕನೇ ತರಗತಿ ಯಂತ್ರಕ್ಕೇ ಇರಲಿ ಎಂದರು. ನನಗೆ ಕೊಟ್ಟ ಕೆಲಸ ಬೆಳಿಗ್ಗೆ ಪಿನ್ನು ಹಂಚುವುದು, ಸಂಜೆ ಪಿನ್ನು ವಾಪಸು ಪಡೆಯುವುದು. ಸೀಮೆಸುಣ್ಣ ಮುಟ್ಟುವಂತಿಲ್ಲ. ದಾರಿಯಲ್ಲಿ ಸಿಕ್ಕ ತಾಯಂದಿರು, "ಏನ್ ಟೀಚರಮ್ಮ, ಈಗ ಪಾಠ ಮಾಡಕಿಲ್ವಂತೆ?" ಎಂದು ಕೇಳುವಾಗ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಗಂಡ ಬಿಟ್ಟುಹೋದದ್ದಕ್ಕೆ ನಾನು ಅಷ್ಟು ಅಳಲಿಲ್ಲ. ತರಗತಿ ಹೋದದ್ದಕ್ಕೆ ಅತ್ತಿದ್ದೇನೆ. ನನಗೆ ಬರುವುದು ಅದೊಂದೇ ಕೆಲಸ, ಅದರಲ್ಲಿ ನನಗೊಂದು ಹೆಸರಿತ್ತು.

ಅದೇ ತಿಂಗಳು ನೀವು ಬಂದು ಎಲ್ಲರೆದುರು ನನಗೆ ಅಪ್ಪಣೆ ಕೊಟ್ಟಿರಿ. ಈ ಮಕ್ಕಳಿಗೆ ಬಾಯಲ್ಲಿ ಏನೂ ಹೇಳಿಕೊಡಕೂಡದು. ಸಂಜೆ ಮಗ್ಗಿ ಸಾಲಿಗೆ ನಿಲ್ಲಿಸಕೂಡದು. ಕಲಬೆರಕೆ ಆಗುತ್ತದೆ. ಅಂದರೆ ಹೋದ ವರ್ಷ ಕಲಬೆರಕೆ ಆಗಿದ್ದು ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಬರೆಯಲಿಲ್ಲ. ಅವತ್ತಿನ ಸಿಟ್ಟು ಇನ್ನೂ ಆರಿಲ್ಲ.

ಆಗಲಿ ಎಂದೆ. ಅಕ್ಷರ ತಪ್ಪದಂತೆ ಪಾಲಿಸಿದೆ. ಹಾಳೆ ಹಿಡಿದು ಬಂದ ಮಗುವನ್ನು ವಾಪಸು ಕಳಿಸಿದೆ. ಸಂಜೆ ಬೇರೆ ತರಗತಿಯವರು ಮಗ್ಗಿ ಕೂಗುವಾಗ ನಿಮ್ಮವರನ್ನು ಬೇಗನೆ ಮನೆಗೆ ಬಿಟ್ಟೆ.

ಫೆಬ್ರವರಿಯಲ್ಲಿ ಕಮಿಟಿ ಬಂತು. ನೀವು ಹೊಸ ಕೋಟು ಹಾಕಿದ್ದಿರಿ. ಕಾರ್ಡು, ಹಾಳೆ, ಡಬ್ಬಿ ಎಲ್ಲ ತೋರಿಸಿದಿರಿ. ಚೆನ್ನಾಗಿಯೇ ನಡೆಯುತ್ತಿತ್ತು. ಆಗ ಅವರಲ್ಲಿ ಕನ್ನಡ ಬಲ್ಲ ವಯಸ್ಸಾದವರೊಬ್ಬರು ಮುಂದಿನ ಬೆಂಚಿನ ಅಕ್ಬರಿಯನ್ನು, ಬಳೆ ಅಂಗಡಿ ಲಾಲ್ ಸಾಬರ ಮಗಳನ್ನು, ಎಬ್ಬಿಸಿ ಕೇಳಿದರು: "ಏಳೆಂಟ್ಲ ಎಷ್ಟು ಮರಿ?" ಅವಳು ಕೈಕಟ್ಟಿ ನಿಂತು, "ಯಾವ್ಯಾವ ನಾಕು ಉತ್ರ ಸಾ? ಯೇಳಿ, ಆರಿಸ್ತೀನಿ" ಎಂದಳು. ಅವರಿಗೆ ಅರ್ಥವಾಗಲಿಲ್ಲ. ಪಕ್ಕದ ಹುಡುಗನನ್ನು ಕೇಳಿದರು. ಅವನು, "ಪಿನ್ನು ಕೊಡಿ ಸಾ" ಎಂದ. ಮೂರನೆಯ ಬೆಂಚಿನಿಂದಲೂ ಅದೇ ಮಾತು. ಕಮಿಟಿಯವರು ನಕ್ಕರು. ನಗುವುದು ನಿಲ್ಲಿಸಿದ ಮೇಲೆ ಅವರು ನಿಮ್ಮ ಕಡೆ ನೋಡಿದ ನೋಟವನ್ನು ನಾನು ಬಾಗಿಲ ಹತ್ತಿರ ಪಿನ್ನಿನ ಡಬ್ಬಿ ಹಿಡಿದುಕೊಂಡು ಕಣ್ತುಂಬ ನೋಡಿದೆ.

ಕಮಿಟಿಯವರ ಮಾತಿನ ಮೇಲೆ ತೂತಿನ ಪಾಠ ನಿಂತಿದೆ, ಈ ಸೋಮವಾರದಿಂದ ನಾಲ್ಕನೇ ತರಗತಿ ಮತ್ತೆ ನನ್ನದು. ಸೀಮೆಸುಣ್ಣ ಕೈಗೆ ಬಂದಿದೆ. ಮಾಡಿದ್ದುಣ್ಣೋ ಮಹರಾಯ ಎಂದು ನಿಮ್ಮ ತಾಯಿಯೇ ಹೇಳಿದರು. ಅವರು ನನ್ನ ಹತ್ತಿರವೇ ಇರುತ್ತಾರಂತೆ. ನೀವು ಮನೆಗೆ ವಾಪಸು ಬರುವ ಮಾತು ಬರೆದಿದ್ದೀರಿ. ಇಲ್ಲಿ ನಿಮಗೆ ಜಾಗವಿಲ್ಲ.

ಇಂತು,
ಸುಬ್ಬಲಕ್ಷ್ಮಮ್ಮ
ಶಿಕ್ಷಕಿ, ನಾಲ್ಕನೇ ತರಗತಿ

ಮರೆತ ಮಾತು: ಜನವರಿಯಲ್ಲಿ ಒಂದು ಮಧ್ಯಾಹ್ನ, ಮಕ್ಕಳಿಗೆ ಏನೂ ಬಂದಿರುವುದಿಲ್ಲ ಎಂದುಕೊಂಡು ಅಕ್ಬರಿಯನ್ನು ನಾನೇ ಏಳೆಂಟ್ಲ ಕೇಳಿದ್ದೆ. "ಐವತ್ತಾರು ಮೇಡಮ್ಮೋರೆ. ಏಳೇಳ್ಲ ನಲವತ್ತೊಂಬತ್ತಲ್ವಾ, ಅದುಕ್ಕೆ ಇನ್ನೊಂದು ಏಳು ಆಕುದ್ರೆ ಆಯ್ತು" ಎಂದಳು. ಒಬ್ಬೊಬ್ಬರನ್ನೇ ಕೇಳಿದೆ. ಎಲ್ಲರಿಗೂ ಬರುತ್ತಿತ್ತು, ಯಾಕೆ ಎನ್ನುವುದರ ಸಮೇತ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕಲಿಸಿರಲಿಲ್ಲ. ನಿಮ್ಮ ಯಂತ್ರ ಕಲಿಸಿತ್ತು. ದೊಡ್ಡ ಸಾಹೇಬರು ಬಂದು ಪ್ರಶ್ನೆ ಕೇಳಿದರೆ ತಟ್ಟನೆ ಉತ್ತರ ಹೇಳುವುದು ಅಧಿಕಪ್ರಸಂಗ, ನಾಲ್ಕು ಉತ್ತರ ಕೇಳಬೇಕು ಇಲ್ಲವೇ ಪಿನ್ನು ಕೇಳಬೇಕು, ಅದೇ ಮರ್ಯಾದೆ ಎಂದು ಮಾತ್ರ ನಾನು ಕಲಿಸಿದೆ. ಪಾಪ, ಮೇಡಮ್ಮೋರ ಮಾತು ಮೀರುವ ಮಕ್ಕಳಲ್ಲ ಅವು. ಬೇಕಿದ್ದರೆ ಇದನ್ನು ಕಮಿಟಿಗೆ ತೋರಿಸಿ, ನಿಮ್ಮ ಸಂಶೋಧನೆ ಉಳಿಯಬಹುದು. ಆದರೆ ಈ ಮಾತನ್ನು ಬರೆದಿರುವುದು, ಹೋದ ವರ್ಷದ ವರದಿಯಲ್ಲಿ ನೀವು ಏನನ್ನು ಮುಚ್ಚಿಟ್ಟಿರಿ ಎಂದು ಹೇಳಿದ ಹಾಳೆಯ ಹಿಂಬದಿಗೆ. ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸಲು ಆಗುವುದಿಲ್ಲ.