ತೊಗರಿ ಸಾಲಿನ ಚಿಗರಿ ಮರಿ

ಅತ್ತೆವ್ವನವರಿಗೆ, ಸಾಲೋಟಗಿಯ ಹೊಲದಿಂದ ಕಸ್ತೂರಿಯ ನಮಸ್ಕಾರ.

ಕನ್ನಡಕ ಹುಡುಕಬೇಡಿರಿ, ಇದನ್ನು ಸಾಕ್ಷಿಯ ಕೈಯಲ್ಲೇ ಓದಿಸಿರಿ.

ಹೆಸರುಕಾಯಿ ಬಿಡಿಸುತ್ತಿದ್ದೇವೆ. ನಿನ್ನೆ ಪಕ್ಕದ ತೊಗರಿ ಸಾಲಿನಲ್ಲಿ ಚಿಗರಿ ಮರಿಯೊಂದು ಒಂಟಿಯಾಗಿ ಮಲಗಿತ್ತು. ಕೂಲಿಗೆ ಬಂದ ಶೆಟ್ಟೆವ್ವ, "ಇದರವ್ವ ಬಿಟ್ಟ ಹೋಗೈತಿ, ಪಾಪ" ಎಂದು ಉಡಿಯೊಳಗೆ ಹಾಕಿಕೊಂಡು ಮನೆಗೆ ಹೊರಟಿದ್ದಳು.

"ಬಿಟ್ಟಿಲ್ಲವ್ವಾ, ಮೊದಲ ಅಲ್ಲೇ ಇಡು" ಎಂದು ಬೈದು ಇಡಿಸಿದೆ. ನಾಯಿ ನರಿಗಳಿಗೆ ಮರಿಯ ಜಾಡು ಸಿಗಬಾರದೆಂದೇ ತಾಯಿ ಜಿಂಕೆ ದೂರ ಮೇಯುತ್ತದೆ. ಹೊತ್ತು ಮುಳುಗುವಾಗ ಬಂದು ಹಾಲು ಕುಡಿಸಿತು.

ಆ ಸಾಲುಗಳಲ್ಲಿ ಸದ್ಯ ಕುಂಟೆ ಹೊಡೆಯಬೇಡವೆಂದು ನಿಮ್ಮ ಮಗನಿಗೆ ಫೋನ್ ಮಾಡಿ ಹೇಳಿರಿ. ನನ್ನ ಮಾತು ಕೇಳುವುದಿಲ್ಲ.

ಶಾಲೆಗೆಂದು ಸಿಂದಗಿಯಲ್ಲಿ ನಿಮ್ಮ ಹತ್ತಿರ ಬಿಟ್ಟಾಗಿನಿಂದ ಸಾಕ್ಷಿ ನನ್ನ ಫೋನಿಗೆ ಬರುತ್ತಿಲ್ಲ. ಬರದಿದ್ದರೆ ಬೇಡ. ಹೆಸರಿನ ರಾಶಿ ಮುಗಿದ ಸಂಜೆಯೇ ನಾನು ಬಸ್ಸು ಹತ್ತುತ್ತೇನೆ.

ನಿಮ್ಮ ಸೊಸೆ, ಸಾಕ್ಷಿಯ ಅವ್ವ,
ಕಸ್ತೂರಿ