ಅತ್ತೆಯ ಜಾಡಿಗೆ ಎಣ್ಣೆಕಡ್ಡಿ

ಮಾರ್ಚ್ 3, ಬೆಳಿಗ್ಗೆ
ಕ್ಲಿನಿಕ್‌ಗೆ ಹೊರಡುವ ಮೊದಲು ಅತ್ತೆಯ ನಾಡಿ ನೋಡಿದೆ. ಇನ್ನೂ ಕ್ಷೀಣ. ನಿನ್ನೆಯ ಗಂಜಿ ಬಟ್ಟಲಲ್ಲಿ ಹಾಗೇ ಕೆನೆಗಟ್ಟಿದೆ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿಸಿದ್ದಾಯಿತು, ರೋಗವಿಲ್ಲವಂತೆ. ಮಾವ ಅಪಘಾತದಲ್ಲಿ ತೀರಿಕೊಂಡು ಒಂದು ಚಳಿಗಾಲ ಕಳೆಯಿತು. ಅಳು ನಿಂತಿದೆ, ಈಗ ಬರೀ ಚಿಂತೆ. ಅವತ್ತು ಆ ಮಂಜಿನಲ್ಲಿ ಅವರನ್ನು ಮಾರ್ಕೆಟ್ಟಿಗೆ ಕಳಿಸದಿದ್ದರೆ... ಗಾಣದೆತ್ತಿನ ಹಾಗೆ ಅದನ್ನೇ ಸುತ್ತುತ್ತಾರೆ. ಅಕ್ಯುಪಂಕ್ಚರ್ ಸೂಜಿ ಚುಚ್ಚಿದೆ, ಕಷಾಯ ಕುಡಿಸಿದೆ. ಊಹೂಂ. ಜಿಗಾಂಗ್ ಊರಿಗೆಲ್ಲ ನಾನು ವೈದ್ಯೆ. ಮನೆಯಲ್ಲಿ? ಹಿತ್ತಲ ಗಿಡ ಮದ್ದಲ್ಲ.

ಮಾರ್ಚ್ 5
ನನಗೆ ವೈದ್ಯ ಕಲಿಸಿದ ಯಾನ್ ಗುರುಗಳ ಬಳಿ ಹೋಗಿದ್ದೆ.
"ಮಣ್ಣು, ಮರ, ನೀರು, ಬೆಂಕಿ, ಲೋಹ. ಇದ್ರಲ್ಲಿ ಚಿಂತೆ ಯಾವ ತತ್ತ್ವ?"
"ಮಣ್ಣು. ಹೊಟ್ಟೇಲಿ ಕೂತಿದೆ. ಅದಕ್ಕೇ ಊಟ ಸೇರ್ತಿಲ್ಲ."
"ಗಟ್ಟಿ ಮಣ್ಣನ್ನ ಸೀಳೋದು ಯಾವ್ದು?"
"ಮರ. ಅದರ ಬೇರು."
"ಮರದ ಭಾವ ಯಾವ್ದಮ್ಮಾ?"
ಗೊತ್ತಿತ್ತು. ಕೋಪ!
"ನಿಮ್ಮತ್ತೇಗೆ ಸಿಟ್ಟು ಬರಿಸು ತಾಯಿ. ಮನೆ ಹಾರಿಹೋಗೋ ಅಷ್ಟು."
ಮದುವೆಯಾದಾಗಿನಿಂದ ಆಕೆಗೆ ಒಂದು ಎದುರುಮಾತು ಆಡಿದವಳಲ್ಲ. ಹುಲಿಯ ಬಾಯಿಗೆ ಕೈ ಹಾಕು ಅನ್ನುತ್ತಾರಲ್ಲ!

ಮಾರ್ಚ್ 6
ಧೈರ್ಯ ಮಾಡಿದೆ. "ಅತ್ತೆ, ನೀವು ಮಾಡ್ತಿದ್ದ ತೋಫು ಅಷ್ಟಕ್ಕಷ್ಟೇ."
"ಇರಬಹುದು ಮಗಳೇ."
ಸದಾ ಗದರುತ್ತಿದ್ದ ಬಾಯಲ್ಲಿ ಮಗಳೇ! ಭಯವಾಯಿತು ನನಗೆ.
ನನ್ನ ಗಂಡ ವೆನ್‌ಷೆಂಗ್ ಹಾರಾಡಿದ. "ತಲೆ ಕೆಟ್ಟಿದ್ಯಾ? ಅಮ್ಮ ಈಗ್ಲೋ ಆಗ್ಲೋ ಅನ್ನೋ ಹಾಗಿದಾಳೆ, ನೀನು ತೋಫು ಅಂತೀಯ!"
ಮದ್ದು ಕೆಲಸ ಮಾಡಿತು — ತಪ್ಪು ಪೇಷಂಟ್‌ಗೆ.

ಮಾರ್ಚ್ 11
ಇವತ್ತು ನೀರೂ ಬೇಡ ಅಂದರು. ನಾಳೆ ಸಂಜೆ ಅಡ್ಮಿಟ್ ಮಾಡುವುದೆಂದು ವೆನ್‌ಷೆಂಗ್ ಹೇಳಿದ. ಸರಿ ಅಂದೆ. ಆದರೆ ಅದಕ್ಕೆ ಮೊದಲು... ಅಡುಗೆಮನೆ ಮೂಲೆಯಲ್ಲಿ ಉಪ್ಪಿನಕಾಯಿ ಜಾಡಿ, ಗಾಳಿ ಹೋಗದಂತೆ ಕಂಠದ ಸುತ್ತ ನೀರು ತುಂಬಿಡುವಂಥದ್ದು. ಒಳಗಿನ ಉಪ್ಪುನೀರು ಅತ್ತೆಗೆ ಅವರ ಅತ್ತೆ ಕೊಟ್ಟದ್ದು. ಮೂಲಂಗಿ ಬದಲಾಗುತ್ತದೆ, ನೀರು ಮಾತ್ರ ಅದೇ. ಒಂದು ಹನಿ ಎಣ್ಣೆ ಬಿದ್ದರೆ ಸಾಕು, ಕೆಟ್ಟೇಹೋಯಿತು. ಇವತ್ತಿನವರೆಗೆ ನನಗೆ ಮುಚ್ಚಳ ಮುಟ್ಟಲು ಬಿಟ್ಟಿಲ್ಲ.
ಅರ್ಧ ನೀರನ್ನು ಗುಟ್ಟಾಗಿ ಪಕ್ಕದ ಮನೆಗೆ ಸಾಗಿಸಿದೆ. ವೈದ್ಯೆ ನಾನು, ಕೊಲೆಗಾರ್ತಿಯಲ್ಲ.

ಮಾರ್ಚ್ 12, ಮಧ್ಯಾಹ್ನ
ಗೆದ್ದೆ!!
ಜಾಡಿಯನ್ನು ಮಂಚದ ಪಕ್ಕಕ್ಕೇ ತಂದೆ. ಹುರಿದ ಹಂದಿಮಾಂಸ ತಿಂದೆ. ಎಣ್ಣೆ ತೊಟ್ಟಿಕ್ಕುವ ಊಟದ ಕಡ್ಡಿಗಳನ್ನು ಅವರ ಕಣ್ಣೆದುರೇ ಜಾಡಿಗೆ ಅದ್ದಿ ಕಲಕಿದೆ.
ಕಣ್ಣು ಅಗಲವಾದವು. ಎದ್ದು ಕೂತರು!
"ಏಯ್! ಎಣ್ಣೆಕಡ್ಡಿ! ನಿನ್ ಕೈ ಸೇದ್ಹೋಗ! ನಮ್ಮತ್ತೆ ಕೊಟ್ಟ ನೀರು ಕಣೇ ಅದು!"
ಕಲಕುತ್ತಲೇ ಅಂದೆ: "ನೀರು ತಾನೇ ಅತ್ತೆ. ಅಂಗಡೀಲಿ ಪ್ಯಾಕೆಟ್ ಸಿಗುತ್ತೆ."
ಪ್ಯಾಕೆಟ್! ದಿಂಬು ಬಂತು. ಚಪ್ಪಲಿ ಬಂತು. ಆಮೇಲೆ ಗೋಡೆ ಹಿಡಿದುಕೊಂಡು ಅತ್ತೆಯೇ ಬಂದರು. ನನ್ನನ್ನು ಬೈದರು, ನನ್ನ ತವರನ್ನು ಬೈದರು, ಕೊನೆಗೆ ಮಾವನ ಫೋಟೋ ಕಡೆ ತಿರುಗಿದರು.
"ನೀನೂ ಅಷ್ಟೇ! ನಾನೆಲ್ಲಿ ಕಳಿಸ್ದೆ? ಮಂಜಿದೆ, ಬೇಡ ಅಂದೆ! ಹಟ ಮಾಡ್ಕೊಂಡು ಹೋದೆ, ನನ್ನ ಬಿಟ್ಟು ಹೋದೆ!"
ಗೋಳೋ ಎಂದು ಅತ್ತರು. ನಾನೂ ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು, "ಆ ಮಾಂಸ ಉಳಿದಿದ್ಯೋ, ಎಲ್ಲಾ ನುಂಗಿದ್ಯೋ?" ಅಂದರು. ಉಳಿದದ್ದನ್ನು ಅನ್ನದ ಜೊತೆ ಬಡಿಸಿದೆ. ಬಟ್ಟಲು ಖಾಲಿ. ಮತ್ತೊಂದು ಬಟ್ಟಲು ಅನ್ನ ಕೇಳಿದರು!

ಮಾರ್ಚ್ 15
ಪಕ್ಕದ ಮನೆಯಿಂದ ನೀರು ವಾಪಸ್ ತಂದೆ. ಅತ್ತೆ ಮೂಸಿ ನೋಡಿದರು. ನನ್ನನ್ನೂ ನೋಡಿದರು.
"ಕಳ್ಳಿ." ಅಷ್ಟೇ. ಮುಚ್ಚಳ ನನ್ನ ಕೈಗಿಟ್ಟರು.
ಈಗ ಅಡುಗೆಮನೆಯಿಂದ ಕೂಗುತ್ತಿದ್ದಾರೆ: "ಯಾಲಿನ್! ಜಾಡಿ ಕಂಠದ ನೀರು ಒಣಗಿದೆ, ನಿಮ್ಮಪ್ಪ ಬಂದು ಹಾಕ್ತಾನಾ?"
ಎಷ್ಟು ಜೋರು ದನಿ! ಈ ದನಿಗೇ ಅಲ್ಲವೇ ನಾನು ಇಷ್ಟೆಲ್ಲ... ಬಂದೆ ಅತ್ತೆ, ಬಂ