ಕಣ್ಣು ಕಿತ್ತ ಗೆಡ್ಡೆ

ಮನೆಯ ಅಡುಗೆಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಮ್ಮಾ,

ನಾವು ದುಡಿಯುವ ನರ್ಸರಿ ಸಾಯಲೆಂದೇ ಕೊಯ್ದ ಗಿಡವನ್ನು ಜನರಿಗೆ ಮಾರುತ್ತಿದೆ. ಇದನ್ನು ಮೊದಲ ಸಾಲಲ್ಲೇ ಬರೆಯದಿದ್ದರೆ ಮುಂದೆ ಬರೆಯಲು ಕೈ ಏಳುವುದಿಲ್ಲ. ಈಗ ಕೇಳುತ್ತೇನೆ: ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಕೂಸು ಹಗಲೆಲ್ಲ ಮಲಗಿ ಇರುಳಿಡೀ ನಿಮ್ಮನ್ನು ಕುಣಿಸುವುದನ್ನು ಬಿಟ್ಟಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಇವತ್ತು ಆ ಸಾಲನ್ನು ಬಿಟ್ಟಿದ್ದೇನೆ.

ಬಸ್ ನಿಲ್ದಾಣದ ಎದುರಿನ ಟೈಲರಜ್ಜಿ ಗೊತ್ತಲ್ಲ, ನನ್ನ ಶಾಲೆಯ ಲಂಗ ಹೊಲಿದವಳು. ಹೋದ ಶುಕ್ರವಾರ ಒಣಗಿದ ಗಿಣಿಕೊಕ್ಕಿನ ಹೂವಿನ ಕುಂಡ ಎತ್ತಿಕೊಂಡು ನಾನು ಕೂರುವ ಮಾರಾಟದ ಕಟ್ಟೆಗೆ ಬಂದಳು. ಮೂರನೆಯ ಕುಂಡವಂತೆ. ಪ್ರತಿ ಸಲವೂ ಕೆಂಪು ಹೂ ತಿಂಗಳು ನಿಂತು, ಆಮೇಲೆ ಗಿಡ ಬುಡಸಮೇತ ಕಪ್ಪಾಯಿತಂತೆ. ಅವಳು ಜಗಳಕ್ಕೆ ಬಂದಿರಲಿಲ್ಲ, ಅದೇ ನನಗೆ ಚುಚ್ಚಿದ್ದು. "ನನ್ನ ಕೈಗುಣಾನೇ ಸರಿಯಿಲ್ಲ ಕಣಮ್ಮ. ಬಟ್ಟೆಗೆ ಮಾತ್ರ ಆಗಿಬಂದ ಕೈ ಇದು" ಎಂದಳು. ಕೈಗುಣ ಅನ್ನುವುದೆಲ್ಲ ಮೂಢನಂಬಿಕೆ ಎಂದು ಅವಳಿಗೆ ಅರ್ಧ ಭಾಷಣ ಬಿಗಿದು, ಉಳಿದರ್ಧಕ್ಕೆ ನಿನ್ನ ಪಾಠವನ್ನೇ ಒಪ್ಪಿಸಿದೆ: ಗೆಡ್ಡೆಯ ಮೊಳಕೆಯೊಡೆಯುವ ಕಣ್ಣು ಮೇಲಿರಲಿ, ಮಣ್ಣು ತೆಳ್ಳಗಿರಲಿ, ಅರೆನೆರಳು ಸಾಕು, ನೀರು ದಿನಾ ಬೇಕು, ನಿಲ್ಲಬಾರದು, ಹೂ ಬಿಟ್ಟ ಕಾಂಡ ಮತ್ತೆ ಬಿಡುವುದಿಲ್ಲ, ಅಳದೆ ಬುಡಕ್ಕೆ ಕತ್ತರಿಸು, ಪಕ್ಕದ ಕಣ್ಣು ತಾನಾಗಿ ಒಡೆಯುತ್ತದೆ. ಹೇಳುತ್ತಲೇ ಕುಂಡ ಬೋರಲು ಹಾಕಿ ಗೆಡ್ಡೆ ತೊಳೆದೆ. ಕಣ್ಣೇ ಇರಲಿಲ್ಲ. ಇರಬೇಕಾದ ಕಡೆಯೆಲ್ಲ ಬೂದಿ ಮೆತ್ತಿದ ಕುಳಿ. ಕಟ್ಟೆಯ ಮೇಲಿದ್ದ ಇನ್ನಾರು ಕುಂಡ ಸುರಿದೆ. ಆರರಲ್ಲೂ ಅದೇ.

ನನ್ನ ಬಿಸಿರಕ್ತ ನಿನಗೆ ಗೊತ್ತು. ಅವತ್ತೇ ಕರಪತ್ರ ಬರೆದು ಬೀದಿಬೀದಿಗೆ ಹಂಚಿದೆ: ಹತ್ತೊಂಬತ್ತನೇ ತಾರೀಖಿನ ಭಾನುವಾರ ಬೆಳಿಗ್ಗೆ ನರ್ಸರಿ ಗೇಟಿಗೆ ಸತ್ತ ಕುಂಡ ತನ್ನಿ, ಕಣ್ಣು ಕಿತ್ತ ಕೈ ಯಾರದೆಂದು ಎಲ್ಲರೆದುರು ಹೇಳುತ್ತೇನೆ. ಯಜಮಾನರದೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ನಾನು ಓದಿದ ಪುಸ್ತಿಕೆಗಳಲ್ಲಿ ಅನ್ಯಾಯ ಯಾವಾಗಲೂ ಯಜಮಾನರ ಗಾಜಿನ ಕೋಣೆಯಲ್ಲೇ ಕೂತಿರುತ್ತದೆ. ನಿನ್ನೆ ಸಾಕ್ಷಿ ಹುಡುಕಿಕೊಂಡು ಗೆಡ್ಡೆ ಕೊಯ್ಯುವ ಕೋಣೆಗೆ ಹೋದೆ. ನೀನು ಅಕ್ಕನ ಬಾಣಂತನಕ್ಕೆಂದು ಹೋದ ಮೇಲೆ ನಿನ್ನ ಜಾಗದಲ್ಲಿ ಕೂರುವ ದಪ್ಪಕ್ಕ ಒಂದೊಂದೇ ಕಣ್ಣು ಕೀಳುತ್ತ ಚಾಕು ಆಡಿಸುತ್ತಿದ್ದಳು. ಇದನ್ನು ಕಲಿಸಿದ್ದು ಯಾರು ಎಂದೆ. ತಲೆ ಎತ್ತದೆ ಅಂದಳು: "ನಿಮ್ಮಮ್ಮನೇ ಕಣೇ. ಗಿಡ ಮರಿ ಹಾಕಿದ್ರೆ ಜನ ಮತ್ತೆ ಯಾಕೆ ಬರ್ತಾರೆ ಅಂತ ಯಜಮಾನ್ರಿಗೆ ಹೇಳಿಕೊಟ್ಟೋಳೇ ಅವಳು. ಗಾಯ ಕಾಣದ ಹಾಗೆ ಬೂದಿ ಮೆತ್ತೋದೂ ಅವಳ ತಲೇಲೇ ಹುಟ್ಟಿದ್ದು."

ಸುಳ್ಳು ಎಂದು ಹೇಳಿ ಮನೆಗೆ ಬಂದೆ. ನನ್ನ ಹಳೆಯ ಕಂಪಾಸು ಪೆಟ್ಟಿಗೆ ತೆರೆದೆ. ನೀನು ಎಡಗೈಯಲ್ಲಿ ಹೆರೆದುಕೊಟ್ಟ ಪೆನ್ಸಿಲ್ ಇನ್ನೂ ಇದೆ, ಮೊನೆ ಎಡಕ್ಕೆ ವಾರೆ. ಅದಕ್ಕೇ ಅಲ್ಲವೇ ಶಾಲೆಯಲ್ಲಿ ನನ್ನನ್ನು ವಾರೆ ಪೆನ್ಸಿಲ್ ಎಂದು ರೇಗಿಸುತ್ತಿದ್ದುದು, ನಾನು ಅತ್ತರೆ ನೀನೂ ಹಾಗೇ ಕರೆದು ನಗಿಸುತ್ತಿದ್ದುದು. ನೀನಿಲ್ಲಿದ್ದಾಗಲೇ ಮಾರಾಟವಾಗಿದ್ದ ಟೈಲರಜ್ಜಿಯ ಗೆಡ್ಡೆಯನ್ನು ಅದರ ಪಕ್ಕ ಇಟ್ಟೆ. ಅಮ್ಮಾ, ಕುಳಿಯೂ ಅದೇ ವಾರೆ. ಕಿಟಕಿಯಾಚೆ ಹಿತ್ತಲಲ್ಲಿ ನೀನು ಊರಿದ ಗಿಣಿಕೊಕ್ಕಿನ ಮೆಳೆ ಗೋಡೆ ಮುಚ್ಚಿ ನಿಂತಿದೆ. ಹನ್ನೆರಡು ವರ್ಷದಿಂದ ಮರಿ ಹಾಕುತ್ತಲೇ ಇದೆ. ಅದರ ಒಂದು ಕಣ್ಣನ್ನೂ ನೀನು ಮುಟ್ಟಿಲ್ಲ. ನಮ್ಮ ಹಿತ್ತಲಿಗೊಂದು ನ್ಯಾಯ, ಊರಿಗೊಂದು ನ್ಯಾಯ ಎಂದು ನೀನು ನನಗೆ ಯಾವತ್ತು ಕಲಿಸಿದ್ದೆ?

ಅಕ್ಕ ಭಾವನಿಗೆ ನನ್ನ ನೆನಪು, ಕೂಸಿನ ಅಂಗಾಲಿಗೆ ಒಂದು ಮುತ್ತು. ಮಂಡಿಗೆ ಎಣ್ಣೆ ಬಿಸಿಮಾಡಿ ಹಚ್ಚಿಕೋ, ಸೋಮಾರಿತನ ಬೇಡ.

ನಿನ್ನ
ವಾರೆ ಪೆನ್ಸಿಲ್

ಮರೆಯುವ ಮುನ್ನ: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು. ಕರಪತ್ರದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದು ನನ್ನ ಬಾಯಿಂದ ಬರುವುದಕ್ಕಿಂತ ನಿನ್ನ ಬಾಯಿಂದಲೇ ಬರಲಿ. ಹಿತ್ತಲ ಮೆಳೆಯ ಒಂದು ಬದಿ ಅಗೆದು, ಕಣ್ಣಿರುವ ಗೆಡ್ಡೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಮೊದಲನೆಯದನ್ನು ಟೈಲರಜ್ಜಿಯ ಕುಂಡಕ್ಕೆ ನೀನೇ ನೆಡಬೇಕು. ಅವಳ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ನೀನೇ ಹೇಳಬೇಕು. ಶನಿವಾರದ ರೈಲು ಹಿಡಿ. ಭಾನುವಾರ, ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ, ನರ್ಸರಿ ಗೇಟಿನಲ್ಲಿ.